ಹಳೇ ನಮೂನಿ ಬಂಡಿ

ಕುರುಗೋಡಿಗೆ ಬಂದು ಗಂಗೋತ್ರಿಯ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ತೋರಿಸುವುದಿಲ್ಲ. ದನದ ಡಾಕ್ಟ್ರಮ್ಮನ ಮನೆ ಎಲ್ಲಿ ಅನ್ನಿ, ಕಟ್ಟೆಯ ಮೇಲೆ ಕೂತವರು ಎದ್ದು ಬಂದು ನಮ್ಮ ಬಾಗಿಲವರೆಗೆ ಬಿಟ್ಟು ಹೋಗುತ್ತಾರೆ. ನನ್ನ ಸೊಸೆ ಡಾಕ್ಟರಲ್ಲ. ಪಶು ಆಸ್ಪತ್ರೆಯಲ್ಲಿ ಡಾಕ್ಟರ ಕೈಕೆಳಗೆ ಕೆಲಸ. ಹಳ್ಳಿ ಹಳ್ಳಿ ತಿರುಗಿ ದನಗಳಿಗೆ ಲಸಿಕೆ ಹಾಕುತ್ತಾಳೆ. ನಮ್ಮ ಜನಕ್ಕೆ ಆ ಭೇದವೆಲ್ಲ ಬೇಕಿಲ್ಲ, ಸೂಜಿ ಹಿಡಿದವರೆಲ್ಲ ಡಾಕ್ಟರೇ. ನಾನು ಶಶಿರೇಖಾ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು, ಈ ಊರಿನ ಅರ್ಧ ಮಂದಿಯ ಕಿವಿ ಹಿಂಡಿದವಳು. ಈಗ ನನ್ನ ಹೆಸರು ‘ಡಾಕ್ಟ್ರಮ್ಮನ ಅತ್ತಿ’. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಎಷ್ಟು ಮಕ್ಕಳನ್ನು ಕಾಡಿದ್ದೆನೋ, ಅದು ಕೊನೆಗೆ ನನ್ನ ಮನೆಗೇ ಬಂದು ಕೂತಿತು. ಕೂರಲಿ ಬಿಡಿ, ನನಗೇನೂ ಬೇಜಾರಿಲ್ಲ.

ಗಂಗೋತ್ರಿ ಗಿಡ್ಡ ಆಳು. ನನ್ನ ಭುಜಕ್ಕೆ ಬರುತ್ತಾಳೆ, ನಾನೇನು ಎತ್ತರದವಳಲ್ಲ. ಆದರೆ ಹಾಯಲು ಬಂದ ಹೋರಿಯ ಮೂಗುದಾರ ಹಿಡಿದು, “ಏ ಸುಮ್ನಿರಲೇ, ನಿಮ್ಮವ್ವಗ ಹೇಳ್ತೀನಿ ನೋಡು” ಎಂದು ಗದರಿಸಿದರೆ ಹೋರಿ ತಲೆ ತಗ್ಗಿಸುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಊಟಕ್ಕೆ ಕೂತಾಗ ಫೋನು ಬಂದರೂ ಅಷ್ಟೆ. “ಎಮ್ಮಿ ಈಯಾಕ ಹತ್ತೈತಂತ ಅತ್ತಿ, ತಾಟು ಮುಚ್ಚಿಡ್ರಿ” ಎಂದು ಕೈ ತೊಳೆದು ಹೊರಟೇಬಿಡುತ್ತಾಳೆ. ಮೊದಮೊದಲು ನಾನು ಸಿಡುಕುತ್ತಿದ್ದೆ. ಒಂದು ಸಲ ಆಕೆಯ ಜೊತೆ ಹೋಗಿ, ಕರು ಭೂಮಿಗೆ ಬಿದ್ದಾಗ ಆ ಮನೆಯವರ ಮುಖ ನೋಡಿದ ಮೇಲೆ ಸಿಡುಕುವುದನ್ನು ಬಿಟ್ಟೆ. ತಾಟು ಮುಚ್ಚಿಡುವುದು ಈಗ ನನಗೆ ರೂಢಿಯಾಗಿದೆ.

ಆಕೆಗಿದ್ದದ್ದು ಒಂದು ಸ್ಕೂಟರು. ಡಾಂಬರಿನ ಮೇಲೆ ಅದು ಚೆನ್ನ. ಡಾಂಬರು ಮುಗಿದು ಎರೆ ಮಣ್ಣಿನ ದಾರಿ ಶುರುವಾಯಿತೋ, ಅದರಲ್ಲೂ ನೆಲ್ಲು ನಾಟಿಯ ಕಾಲದಲ್ಲಿ, ಆ ಪುಟ್ಟ ಗಾಲಿಗಳಿಗೆ ಕೆಸರು ಮೆತ್ತಿಕೊಂಡು ತಿರುಗುವುದೇ ನಿಂತುಹೋಗುತ್ತದೆ. ಕಳೆದ ಮಳೆಗಾಲದಲ್ಲಿ ಕಾಲುವೆಯ ಏರಿ ಮೇಲೆ ಸ್ಕೂಟರು ಜಾರಿ, ಲಸಿಕೆಯ ಐಸ್ ಡಬ್ಬಿ ಒಂದು ಕಡೆ, ಈಕೆ ಒಂದು ಕಡೆ ಬಿದ್ದರು. ಮೊಣಕೈ ತರಚಿಕೊಂಡು ಬಂದವಳಿಗೆ ನಾನು ಅರಿಶಿನ ಹಚ್ಚುತ್ತಿದ್ದರೆ, ಆಕೆ ಉರಿಗೆ ಹಲ್ಲು ಕಚ್ಚುತ್ತಲೇ ಅಂದಳು: “ಅತ್ತಿ, ಈ ಸ್ಕೂಟರ್ ಇನ್ನ ಸಾಕು. ನನಗ ದೊಡ್ಡ ಗಾಲಿದು ಬೇಕು. ದುಂಡನ್ನ ದೀಪ, ಉದ್ದನ್ನ ಸೀಟು, ನಮ್ಮಪ್ಪನ ರಾಜದೂತ್ ಮೋಟರ್ ಸೈಕಲ್ ಇತ್ತಲ್ರಿ, ಹಂಥಾದು. ಈಗ ಮತ್ತ ಆ ನಮೂನಿ ಗಾಡಿ ಹೊಸಾವು ಬಂದಾವ.”

ನನ್ನ ಮೈ ಝುಂ ಎಂದಿತು, ಸುಳ್ಳೇಕೆ ಹೇಳಲಿ. ನಮ್ಮ ಯಜಮಾನರು ಬದುಕಿದ್ದಷ್ಟು ಕಾಲ ಸೈಕಲ್ ಬಿಟ್ಟು ಬೇರೇನೂ ಹತ್ತಲಿಲ್ಲ. ಅಂಥ ಬಂಡಿಯ ಹಿಂದೆ ಕೂತು ಗಾಳಿಗೆ ಸೆರಗು ಹಾರಿಸಿಕೊಂಡು ಹೋಗುವ ಆಸೆ ನನ್ನಲ್ಲೂ ಪೆಟ್ಟಿಗೆಯಲ್ಲಿ ಮಡಚಿಟ್ಟ ಸೀರೆಯ ಹಾಗೆ ಹೊಸದಾಗಿಯೇ ಉಳಿದಿತ್ತು. “ತಗೊಳ್ಳೇ ಗಂಗೂ! ಯಾರು ಬ್ಯಾಡಂತಾರ?” ಎಂದೆ.

“ನಮ್ಮಪ್ಪ” ಎಂದಳು. ಮುಖ ಒಮ್ಮೆಲೇ ಬಾಡಿತು.

ಆಕೆಯ ತಂದೆ ಹಾಲಸಿದ್ದಪ್ಪ ಸಿರುಗುಪ್ಪ ತಾಲೂಕಿನ ದೇಶನೂರಿನವರು. ನೆಲ್ಲು ಬೆಳೆಯುವವರು, ಎತ್ತು ಸಾಕುವುದರಲ್ಲಿ ಹೆಸರಾದವರು. ಗಂಗೋತ್ರಿ ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗ ಅಪ್ಪನ ರಾಜದೂತನ್ನು ಯಾರಿಗೂ ಹೇಳದೆ ಹೊರತೆಗೆದು, ಗದ್ದೆಯ ಬದುವಿನ ಮೇಲೆ ಓಡಿಸಿ, ಸೀದಾ ಕಾಲುವೆಗೆ ಇಳಿಸಿದ್ದಳಂತೆ. ನೀರು ಕಡಿಮೆ ಇತ್ತು, ಬದುಕಿಕೊಂಡಳು. ಆದರೆ ಅಪ್ಪ ಅದನ್ನು ಕಣ್ಣಾರೆ ನೋಡಿದ್ದರು. ಮರುವಾರವೇ ರಾಜದೂತ್ ಮಾರಿದರು. “ಇನ್ನ ನನ್ನ ಮಗಳು ಮೋಟರ್ ಸೈಕಲ್ ಹತ್ತಿದ್ರ ನಾಳೆ ಆಕಿನ್ನ ಕೊಟ್ಟ ಮನಿ ನೀರು ನಾ ಮುಟ್ಟಂಗಿಲ್ಲ” ಎಂದು ಬಸವಣ್ಣನ ಆಣೆ ಮಾಡಿದರು. ಸ್ಕೂಟರಿಗೆ ಅವರ ತಕರಾರಿರಲಿಲ್ಲ, ಅದು ಕುರ್ಚಿ ಇದ್ದಂತೆ ಎಂದು ಬಿಟ್ಟಿದ್ದರು. ಆಣೆ ಮಾಡಿದ್ದು ಮೋಟರ್ ಸೈಕಲ್ಲಿಗೆ. ಮಗಳ ಮನೆಯ ನೀರು ಮುಟ್ಟುವುದಿಲ್ಲ ಎಂದರೆ ನಮ್ಮ ಕಡೆ ಅದು ಸಣ್ಣ ಮಾತಲ್ಲ, ನಂಟು ಮುರಿದಂತೆ. ಹಾಲಸಿದ್ದಪ್ಪನವರು ಆಡಿದ ಮಾತು ತಪ್ಪುವ ಆಸಾಮಿಯೂ ಅಲ್ಲ. ಗಂಗೋತ್ರಿಗೆ ಗಾಡಿಯೂ ಬೇಕು, ಅಪ್ಪನೂ ಬೇಕು.

“ನಾನ ಕೇಳ್ತೀನಿ ತಡಿ” ಎಂದು ಫೋನು ಎತ್ತಿಕೊಂಡೆ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು, ಅದೇ ಮುಂದೆ ನನ್ನ ಮಾನ ಕಳೆದದ್ದು. ನಾನು ಹುಟ್ಟಿ ಬೆಳೆದದ್ದು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ. ಅಕ್ಕಪಕ್ಕದ ಮನೆಗಳೆಲ್ಲ ತೆಲುಗಿನವು. ತೆಲುಗರಿಗೆ ಎತ್ತಿನದೂ ಬಂಡಿ, ಮೋಟರ್ ಸೈಕಲ್ಲೂ ಬಂಡಿ, ರೈಲೂ ಬಂಡಿ. ನನ್ನ ಬಾಯಿಗೂ ಅದೇ ಹತ್ತಿದೆ. ಶುದ್ಧ ಕನ್ನಡ ಬರೆಯಿರಿ ಎಂದು ಮಕ್ಕಳ ಬೆರಳಿಗೆ ಸ್ಕೇಲಿನಿಂದ ಹೊಡೆದವಳು ನಾನು, ಮನೆಗೆ ಬಂದರೆ ಎಲ್ಲದಕ್ಕೂ ಬಂಡಿ.

“ಬೀಗರೆ, ಆರಾಮೇನ್ರಿ? ಗಂಗೋತ್ರಿಗೆ ಒಂದು ಬಂಡಿ ಬೇಕಂತ ಆಸೆ ಆಗೇತಿ. ಹಳೇ ನಮೂನಿದು, ನಿಮ್ಮ ಕಾಲದಾಗ ಇದ್ದುವಲ್ರಿ, ಹಂಥಾದು. ನೀವು ಹೂಂ ಅಂದ್ರ ಮಾತ್ರ” ಎಂದೆ, ಒಂದೇ ಉಸಿರಿಗೆ.

ಗಂಗೋತ್ರಿ ನನ್ನ ಎದುರು ಎರಡೂ ಕೈ ಜೋಡಿಸಿಕೊಂಡು ನಿಂತಿದ್ದಾಳೆ.

“ಹಳೇ ನಮೂನಿದಾ?” ಎಂದರು ಹಾಲಸಿದ್ದಪ್ಪನವರು. “ಭೇಷ್! ಭೇಷ್ ಅಕ್ಕಾರೆ! ಎಷ್ಟು ವರ್ಷದಿಂದ ಬಡ್ಕೊಂಡೆ, ಯಾರರ ನನ್ನ ಮಾತು ಕೇಳಿದ್ರಿ? ಈಗರ ಬುದ್ಧಿ ಬಂತಲ್ಲ! ತಗೋರಿ, ಕಣ್ಣುಮುಚ್ಚಿ ತಗೋರಿ. ಅಲ್ಲಲ್ಲ, ಕಣ್ಣುಮುಚ್ಚಿ ತಗೋಬ್ಯಾಡ್ರಿ, ನಾ ಹೇಳ್ತೀನಿ ಕೇಳ್ರಿ.”

ಹಾಗೆಂದು ಅವರು ಪಾಠವನ್ನೇ ಶುರು ಮಾಡಿದರು. ನಾನು ಸ್ಪೀಕರ್ ಹಾಕಿ ಫೋನನ್ನು ನಡುವೆ ಇಟ್ಟೆ. “ಬಂಡಿ ನೋಡಾಕ ಹೋಗಾಕಿಂತ ಮೊದಲ ದಾರಿ ನೋಡ್ರಿ. ಎರಿ ಮಣ್ಣಾಗ ಹೋಗೋದ ಬ್ಯಾರೆ, ಡಾಂಬರ ಮ್ಯಾಲ ಹೋಗೋದ ಬ್ಯಾರೆ. ಬಣ್ಣ ನೋಡಿ ಮಳ್ಳಾಗಬ್ಯಾಡ್ರಿ. ಹತ್ತೋರಿಗೆ ಎತ್ತರ ಸರಿಹೋಗಬೇಕು. ಭಾರ ಮುಂದಾನೂ ಬೀಳಬಾರದು, ಹಿಂದಾನೂ ಬೀಳಬಾರದು. ಇನ್ನೊಂದು, ಖಾಲಿ ಬಂಡಿ ನೋಡಿ ಭೇಷ್ ಅನಬ್ಯಾಡ್ರಿ. ಹೇರು ಹೇರಿ ನೋಡ್ರಿ, ಆವಾಗ ಅದರ ಬಣ್ಣ ಬಯಲಾಗತೈತಿ. ಎಳಿಯೋದರ ಚಿಂತಿ ಮಾತ್ರ ನನಗ ಬಿಡ್ರಿ. ಪೂಜಿ ದಿನ ನಾನ ಬರ್ತೀನಿ.”

ಎಳೆಯುವುದೆಂದರೆ ಎಂಜಿನ್ನಿನ ಎಳೆತ, ಅದನ್ನು ಯಾರೋ ಮೆಕ್ಯಾನಿಕ್ಕನ್ನು ವಿಚಾರಿಸುತ್ತಾರೆ ಅಂದುಕೊಂಡೆ. ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ, ಅಂಥ ಜಾಣೆ ನಾನು. ಫೋನಿಟ್ಟು ತಿರುಗಿದರೆ ಗಂಗೋತ್ರಿ ಅಳುತ್ತಿದ್ದಾಳೆ, ಅಳುತ್ತಲೇ ಕುಣಿಯುತ್ತಿದ್ದಾಳೆ. ನನ್ನ ಸೊಂಟ ಹಿಡಿದು ಗಿರಗಿರ ತಿರುಗಿಸಿಬಿಟ್ಟಳು. “ನಮ್ಮಪ್ಪ ಹೂಂ ಅಂದ! ನಮ್ಮಪ್ಪ ಹೂಂ ಅಂದನಲ್ರಿ ಅತ್ತಿ!” ಸಂಜೆ ತಾನೇ ಫೋನು ಮಾಡಿ ಅಪ್ಪನ ಜೊತೆ ಮಾತಾಡಿದಳು. “ಅದನ್ನ ಹುಷಾರಿಂದ ಹೊಡೀತೀನಪ್ಪ” ಎಂದಳು ಈಕೆ. “ಅದು ರೂಢಿ ಆದ್ರ ಏನಿಲ್ಲವ್ವ, ತಾನ ಮನಿ ದಾರಿ ಹಿಡೀತೈತಿ” ಎಂದರು ಅವರು. ಮೋಟರ್ ಸೈಕಲ್ ಎಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ.

ಇನ್ನು ನನ್ನ ಮಗ ಸಿದ್ದಲಿಂಗೇಶ್. ಬಸ್ ಸ್ಟ್ಯಾಂಡಿನ ಬಳಿ ಔಷಧಿ ಅಂಗಡಿ ಇಟ್ಟಿದ್ದಾನೆ, ನಮ್ಮ ತುಂಡು ಹೊಲವನ್ನೂ ನೋಡಿಕೊಳ್ಳುತ್ತಾನೆ. ಅವನಿಗೆ ಸ್ಕೂಟರು ಬಿಟ್ಟು ಬೇರೇನೂ ಹೊಡೆಯಲು ಬರುವುದಿಲ್ಲ. ಆದರೆ ಫೋನಿನಲ್ಲಿ ಗಾಡಿಗಳ ವಿಡಿಯೋ ನೋಡಿ ನೋಡಿ ಪಂಡಿತನಾಗಿದ್ದ. “ತಗೊಂಡ್ರ ಡುಗ್ ಡುಗ್ ಅನ್ನೋದ ತಗೋಬೇಕು. ಬಂತಂದ್ರ ಊರಿಗೆ ಗೊತ್ತಾಗಬೇಕು” ಎಂಬುದು ಅವನ ಸಿದ್ಧಾಂತ. “ನೀ ಹೊಡಿಯಂಗಿಲ್ಲ, ಸುಮ್ನ ಕೂಡು” ಎಂದೆ. ಎತ್ತು ಏರಿಗೆ, ಕೋಣ ನೀರಿಗೆ. ಅಂತೂ ಮೂವರೂ ಭಾನುವಾರ ಬೆಳಿಗ್ಗೆ ಬಳ್ಳಾರಿ ಬಸ್ಸು ಹತ್ತಿದೆವು. ಗಂಗೋತ್ರಿಯ ತೊಡೆಯ ಮೇಲೆ ಲಸಿಕೆಯ ಡಬ್ಬಿ, ಅದರ ತುಂಬ ಐಸಿನ ಬದಲು ಮರಳು. “ಅಪ್ಪ ಹೇಳ್ಯಾನಲ್ರಿ, ಹೇರು ಹೇರಿ ನೋಡಬೇಕಂತ” ಎಂದಳು.

ಬಳ್ಳಾರಿಯಲ್ಲಿ ಇಳಿದು ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಷೋರೂಮಿಗೆ ಹೋದೆವು. ಒಳಗೆ ಕಾಲಿಟ್ಟರೆ, ಅಬ್ಬಬ್ಬಾ! ಸಾಲಾಗಿ ನಿಂತಿವೆ, ಎಲ್ಲವೂ ಹೊಸವು, ಎಲ್ಲವೂ ಹಳೆಯ ಕಾಲದ ರೂಪದವು. ದುಂಡು ದೀಪ, ಹೊಟ್ಟೆ ಉಬ್ಬಿದ ಪೆಟ್ರೋಲ್ ಟ್ಯಾಂಕು, ಥಳಥಳ ಕಡ್ಡಿ ಗಾಲಿ. ನನಗೇ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಲ್ಲಿನ ಸೇಲ್ಸ್‌ನವನು ರಾಮಾಂಜಿನಿ, ಅನಂತಪುರದ ಕಡೆಯವನು, ಓಡೋಡಿ ಬಂದ. ಸೀದಾ ಸಿದ್ದಲಿಂಗೇಶನ ಮುಂದೆ ನಿಂತು, “ರಂಡಿ ಸಾರ್, ಈ ಬಂಡಿ ಚೂಡಂಡಿ” ಎಂದು ತೆಲುಗಿನಲ್ಲೇ ಕರೆದು ಬಂಡಿ ತೋರಿಸತೊಡಗಿದ.

“ನೋಡೋರು ನಾವು, ಈ ಕಡಿ ಬಾರಪ್ಪ” ಎಂದೆ. ಹೈಸ್ಕೂಲಿನ ಗಂಟಲು ಇನ್ನೂ ಹೋಗಿಲ್ಲ, ಇಡೀ ಷೋರೂಮು ತಿರುಗಿತು.

ಮೊದಲು ಗಂಗೋತ್ರಿ ಹತ್ತಿದ್ದು ಎಲ್ಲಕ್ಕಿಂತ ಭಾರದ್ದನ್ನು. ಕೆಂಪು ಬಣ್ಣ, ಅಪ್ಪಟ ಅಪ್ಪನ ರಾಜದೂತಿನ ಕೆಂಪು. ಕಾಲು ನೆಲಕ್ಕೆ ಎಟುಕಿತು. ಚಾಲು ಮಾಡಿದಳು ನೋಡಿ, ಆ ಡುಗ್ ಡುಗ್ ಸದ್ದಿಗೆ ಆಕೆಯ ಕಣ್ಣು ಅರಳಿದ್ದನ್ನು ಏನೆಂದು ಹೇಳಲಿ! ಸಿದ್ದಲಿಂಗೇಶ ಆಗಲೇ ಫೋಟೋ ತೆಗೆಯುತ್ತಿದ್ದ. “ತಡೀರಿ, ಹೇರು!” ಎಂದಳು ಗಂಗೋತ್ರಿ. ಮರಳಿನ ಡಬ್ಬಿಯನ್ನು ಮುಂದಿಟ್ಟುಕೊಂಡು, ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟಳು. ಷೋರೂಮಿನ ಹಿಂದಿನ ಗಲ್ಲಿಯಲ್ಲಿ ಪೈಪು ಹಾಕಲು ಅಗೆದು ಕೆಸರು ಮಾಡಿದ್ದರು. ರಾಮಾಂಜಿನಿ, “ಆ ಕಡೆ ಬೇಡಮ್ಮಾ!” ಎಂದು ಕೂಗುತ್ತಲೇ ಇದ್ದ, ಈಕೆ ಬೇಕೆಂದೇ ಅಲ್ಲಿಗೇ ನುಗ್ಗಿಸಿದಳು. ಹೋಗುವುದೇನೋ ಹೋಯಿತು. ತಿರುಗಿಸುವಾಗ ಹಿಂದಕ್ಕೆ ತಳ್ಳಬೇಕಲ್ಲ, ಗಾಡಿ ಕದಲಲಿಲ್ಲ. ನಾನು ಇಳಿದು ತಳ್ಳಿದೆ. ಸಿದ್ದಲಿಂಗೇಶ ಓಡಿ ಬಂದು ತಳ್ಳಿದ. ಅಷ್ಟರಲ್ಲಿ ಗಲ್ಲಿಯಲ್ಲಿ ಮಲಗಿದ್ದ ಆಕಳೊಂದು ಆ ಸದ್ದಿಗೆ ಬೆಚ್ಚಿ ಎದ್ದು, ಬಾಲ ಎತ್ತಿಕೊಂಡು ಓಡಿ, ಸೊಪ್ಪಿನವಳ ಬುಟ್ಟಿ ಉರುಳಿಸಿತು. ಆಕೆ ನಮ್ಮ ಮೂರು ತಲೆಮಾರನ್ನೂ ಬೈದಳು.

ಗಂಗೋತ್ರಿ ಸೊಪ್ಪು ಆರಿಸಿಕೊಟ್ಟು, ಆಕಳು ಓಡಿದ ದಿಕ್ಕನ್ನೇ ನೋಡುತ್ತ ನಿಂತಳು. “ಇದು ಬ್ಯಾಡ” ಎಂದಳು.

“ಯಾಕಲೇ? ಅಷ್ಟು ಚಂದ ಐತಿ!” ಎಂದ ಗಂಡ.

“ನನ್ನ ಗಿರಾಕಿಗಳು ಆಕಳಾ ಎಮ್ಮೀನ ಅಲ್ಲೇನ್ರಿ? ನಾ ಬಂದೆ ಅಂದ ಕೂಡ್ಲೇ ಅವು ಹಗ್ಗ ಹರ್ಕೊಂಡು ಓಡಿದ್ರ ಸೂಜಿ ಯಾರಿಗೆ ಹಾಕ್ಲಿ, ನಿಮಗ?” ಎಂದಳು. ಹೇಳುವಾಗ ನಗುತ್ತಿದ್ದಳು, ಆದರೆ ಆ ಕೆಂಪು ಟ್ಯಾಂಕಿನ ಮೇಲಿನ ಕೈ ತೆಗೆಯಲು ತಡ ಮಾಡಿದಳು.

ಎರಡನೆಯದು ಎತ್ತರದ್ದು. ಹಲ್ಲುಹಲ್ಲಿನ ದಪ್ಪ ಟೈರು, ಮೇಲಕ್ಕೆ ಏರಿಸಿದ ಸೈಲೆನ್ಸರು. “ಕೆಸರಿಗೆ ಇದೇ ರಾಜ, ಅಮ್ಮಾ” ಎಂದ ರಾಮಾಂಜಿನಿ. ಇರಬಹುದು. ಹತ್ತಿ ಕೂತರೆ ಈಕೆಯ ಎರಡೂ ಕಾಲು ಗಾಳಿಯಲ್ಲಿ. ತುದಿ ಬೆರಳು ಊರಬೇಕೆಂದರೆ ಗಾಡಿಯನ್ನೇ ಒಂದು ಕಡೆ ವಾಲಿಸಬೇಕು. ನಾನಂತೂ ಸೀರೆಯಲ್ಲಿ ಹತ್ತಲು ಹೋಗಿ, ಅರ್ಧಕ್ಕೆ ಸಿಕ್ಕಿಬಿದ್ದು, ರಾಮಾಂಜಿನಿಯ ತಲೆ ಹಿಡಿದು ಇಳಿದೆ. ಅವನು ಪಾಪ, “ಪರ್ವಾಲೇದಮ್ಮಾ” ಎಂದು ಕ್ರಾಪು ಸರಿಮಾಡಿಕೊಂಡ.

ಮೂರನೆಯದು ಮೂಲೆಯಲ್ಲಿ ನಿಂತಿತ್ತು. ಅದನ್ನು ಅವನು ತೋರಿಸಿಯೂ ಇರಲಿಲ್ಲ. ಸಣ್ಣ ಎಂಜಿನ್ನು, ಹಗುರ ಮೈ. ರೂಪ ಮಾತ್ರ ಅದೇ ಹಳೆಯದು. ದುಂಡು ದೀಪ, ದೊಡ್ಡ ಕಡ್ಡಿ ಗಾಲಿ, ಮಂಚದಂತೆ ಸಪಾಟಾದ ಉದ್ದ ಸೀಟು, ಪಕ್ಕದಲ್ಲಿ ಸೀರೆ ಸಿಕ್ಕಿಕೊಳ್ಳದಂತೆ ಜಾಲರಿ. ಬಣ್ಣ ಹಸಿರು. ಗಂಗೋತ್ರಿಗೆ ಹಸಿರು ಆಗದು. ಮೂಗು ಮುರಿದಳು.

“ಬಣ್ಣ ನೋಡಿ ಮಳ್ಳಾಗಬ್ಯಾಡಂದಾರ ನಿಮ್ಮಪ್ಪ” ಎಂದೆ.

ಹತ್ತಿದಳು. ಎರಡೂ ಅಂಗಾಲು ಪೂರ್ತಿ ನೆಲಕ್ಕೆ ಕೂತವು. ಡಬ್ಬಿ ಮುಂದೆ, ನಾನು ಹಿಂದೆ, ಮತ್ತೆ ಅದೇ ಕೆಸರಿನ ಗಲ್ಲಿ. ದೊಡ್ಡ ಗಾಲಿ ಕೆಸರನ್ನು ಸೀಳಿಕೊಂಡು ಹೋಯಿತು. ಒಂದು ಕಡೆ ಹಿಂದಿನ ಗಾಲಿ ಜಾರಿತು, ನಾನು “ಅಯ್ಯಯ್ಯೋ ಬಸವಣ್ಣ!” ಎಂದೆ, ಈಕೆ ತಟ್ಟನೆ ಎರಡೂ ಕಾಲು ಊರಿ ನಿಂತಳು, ನಕ್ಕಳು, ಮತ್ತೆ ಹೊರಟಳು. ತಿರುಗಿಸುವಾಗ ಕೂತಲ್ಲಿಂದಲೇ ಕಾಲಲ್ಲಿ ಹಿಂದಕ್ಕೆ ಸರಿಸಿಕೊಂಡಳು. ಓಡಿಹೋಗಿದ್ದ ಆಕಳು ತಿರುಗಿ ಬಂದು ಅದೇ ಜಾಗದಲ್ಲಿ ಮಲಗಿತ್ತು. ಅದರ ಮಗ್ಗುಲಲ್ಲೇ ಎಂಜಿನ್ನು ಆಡಿಸುತ್ತ ನಿಂತೆವು. ಟುಕ್ ಟುಕ್ ಟುಕ್ ಎಂಬ ಮೆತ್ತನೆಯ ಸದ್ದು. ಆಕಳು ಕಿವಿ ಸಹ ಅಲ್ಲಾಡಿಸಲಿಲ್ಲ, ಮೆಲುಕು ಹಾಕುತ್ತಲೇ ಇತ್ತು.

“ಅತ್ತೀ!” ಎಂದು ಗಂಗೋತ್ರಿ ಕಿರುಚಿದಳು. “ಇದಾ! ಇದಾ ನಂದು!” ಕೆಂಪು ಗಿಂಪು ಎಲ್ಲ ಮರೆತೇಹೋಗಿತ್ತು. ಸಿದ್ದಲಿಂಗೇಶ ಮಾತ್ರ “ಡುಗ್ ಡುಗ್ ಅನ್ನಂಗಿಲ್ಲ ಇದು” ಎಂದು ಗೊಣಗುತ್ತಲೇ ಇದ್ದ. “ನೀ ಬಾಯಲ್ಲೇ ಅನ್ನು, ಹಿಂದ ಕುಂತು” ಎಂದೆ.

ಬಂಡಿ ಕೈಗೆ ಬಂದದ್ದು ಮುಂದಿನ ಸೋಮವಾರ. ಬಳ್ಳಾರಿಯಿಂದ ಕುರುಗೋಡಿನವರೆಗೆ ನಾನೇ ಹಿಂದೆ ಕೂತು ಬಂದೆ. ಸೆರಗು ಹಾರಿತು, ಕೂದಲು ಕೆದರಿತು, ದಾರಿಯುದ್ದಕ್ಕೂ ನನ್ನ ಹಳೆಯ ಶಿಷ್ಯರು ಟ್ರ್ಯಾಕ್ಟರಿನ ಮೇಲಿಂದ, “ಟೀಚರ್ರೇ!” ಎಂದು ಕೂಗಿದರು. ಕೈ ಬೀಸಿದೆ ನೋಡಿ, ರಾಣಿಯರೂ ಹಾಗೆ ಬೀಸಿರಲಿಕ್ಕಿಲ್ಲ. ಊರು ಸೇರಿ ಬಸವೇಶ್ವರನ ಗುಡಿಯ ಮುಂದೆ ನಿಂಬೆಹಣ್ಣು ಗಾಲಿಗೆ ಇಟ್ಟು, ಕಾಯಿ ಒಡೆಸಿ, ಹೂವು ಹಾಕಿಸಿ, ಮನೆಯ ಬಾಗಿಲಿಗೆ ತಂದು ನಿಲ್ಲಿಸಿದೆವು. ಗಂಗೋತ್ರಿ ಅಪ್ಪನಿಗಾಗಿ ಹೋಳಿಗೆ ಮಾಡುತ್ತ ನಿಮಿಷಕ್ಕೊಮ್ಮೆ ಹೊರಗೆ ಬಂದು ನೋಡುತ್ತಿದ್ದಳು.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಒಂದು ಸರಕಿನ ಟೆಂಪೋ ನಿಂತಿತು. ಅದರ ಹಿಂದಿನ ಬಾಗಿಲು ಇಳಿಸಿ, ಹಲಗೆ ಹಾಕಿ, ಹಾಲಸಿದ್ದಪ್ಪನವರು ಇಳಿಸಿದ್ದೇನು? ಒಂದು ಜೋಡಿ ಎತ್ತು! ಕೊಂಬಿಗೆ ಬಣ್ಣ, ಬೆನ್ನ ಮೇಲೆ ಕಸೂತಿ ಬಟ್ಟೆಯ ಜೂಲು, ಕೊರಳಲ್ಲಿ ಹಿತ್ತಾಳೆ ಗಂಟೆ. ಓಣಿಯ ಮಂದಿಯೆಲ್ಲ ಹೊರಗೆ ಬಂದರು. ಬಿಳಿ ಧೋತರ, ಹೊಸ ಟವೆಲು, ಮೀಸೆಯ ಕೆಳಗೆ ಅಗಲವಾದ ನಗು. ಬೀಗರು ಎತ್ತುಗಳನ್ನು ಹಿಡಿದು ನಮ್ಮ ಬಾಗಿಲಿಗೆ ನಡೆದು ಬಂದರು.

ಗಂಗೋತ್ರಿ ಓಡಿಹೋಗಿ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಅವರು ಚೊಂಬು ತೆಗೆದುಕೊಂಡು, “ಯಾರದವ್ವ ಈ ಮೋಟರ್ ಸೈಕಲ್ಲು, ಬಾಗಿಲಾಗ ನಿಲ್ಲಿಸ್ಯಾರ? ತೆಗಿಯಾಕ ಹೇಳು, ಎತ್ತು ಬೆದರ್ತಾವ” ಎಂದರು. ಆಮೇಲೆ ಕತ್ತು ಉದ್ದ ಮಾಡಿ ಅದರ ಹಿಂದೆ ನೋಡಿದರು. “ಎಲ್ಲೈತಿ ಬಂಡಿ? ಹಿತ್ತಲಾಗ ಬಿಟ್ಟೀರೇನು?”

ಎತ್ತಿನ ಗಂಟೆ ಟಿಣ್ ಎಂದಿತು. ನನಗೆ ಆಗ ಹೊಳೆಯಿತು ನೋಡಿ. ಹೊಲಕ್ಕೆ ಟ್ರ್ಯಾಕ್ಟರು ಬೇಡ, ಒಂದು ಎತ್ತಿನ ಬಂಡಿ ಇಟ್ಟುಕೊಳ್ಳಿ ಎಂದು ಅವರು ನಮಗೆ ವರ್ಷಗಳಿಂದ ಹೇಳುತ್ತಲೇ ಇದ್ದರು. ‘ಹಳೇ ನಮೂನಿ ಬಂಡಿ’ ಎಂದು ನಾನು ಅಂದದ್ದು, ಮರದ ಗಾಲಿಯ ಬಂಡಿ ಎಂದು ಅವರು ತಿಳಿದದ್ದು. ನಾನಾರ್ಥ ಬರೆಯಿರಿ ಎಂದು ಜೀವಮಾನವೆಲ್ಲ ಕಲಿಸಿದವಳು ನಾನು! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಬೀಗರೆ,” ಎಂದೆ, “ನಮ್ಮ ಕಡಿ ಇದಕ್ಕೂ ಬಂಡಿ ಅಂತೀವ್ರಿ. ತಪ್ಪು ನಂದು. ಆಕಿದು ಏನೂ ಇಲ್ಲ.”

ಹಾಲಸಿದ್ದಪ್ಪನವರ ನಗು ನಿಧಾನವಾಗಿ ಇಳಿಯಿತು. ಹೂವು ಹಾಕಿದ್ದ ಆ ಹಸಿರು ಮೋಟರ್ ಸೈಕಲ್ಲನ್ನು ನೋಡಿದರು, ಮಗಳನ್ನು ನೋಡಿದರು. ಬಾಯಿಯ ಹತ್ತಿರ ಹೋಗಿದ್ದ ಚೊಂಬನ್ನು ಹಾಗೇ ಕಟ್ಟೆಯ ಮೇಲೆ ಇಟ್ಟುಬಿಟ್ಟರು. ಒಂದು ಹನಿಯನ್ನೂ ಕುಡಿಯಲಿಲ್ಲ.

ಗಂಗೋತ್ರಿಯ ಮುಖ ನೋಡಲಾಗಲಿಲ್ಲ. ಅತ್ತುಬಿಡುತ್ತಾಳೆ ಅಂದುಕೊಂಡೆ. ಆದರೆ ಆಕೆ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. “ಅಪ್ಪಾ, ನೀ ಹೇಳಿದಂಗ ಆರಿಸೀನಿ. ಮೊದಲ ದಾರಿ ನೋಡೀನಿ. ಬಣ್ಣಕ್ಕ ಮಳ್ಳಾಗಿಲ್ಲ, ಕೆಂಪು ಬಿಟ್ಟು ಬಂದೀನಿ. ಎರಡೂ ಕಾಲು ನೆಲಕ್ಕ ಎಟಕ್ತಾವ. ಕೆಸರಾಗ ಹೇರು ಹೇರಿ ನೋಡೀನಿ” ಎಂದಳು.

“ನಾ ಬಂಡಿಗೆ ಹೇಳಿದ್ದೆ” ಎಂದರು ಅವರು.

“ಇದು ನನ್ನ ಬಂಡಿ ಅಪ್ಪ. ಎತ್ತು ಬೆದರ್ತಾವ ಅಂದಿ. ನೋಡು.”

ತಡೆಯುವ ಮೊದಲೇ ಹೋಗಿ ಹತ್ತಿ, ಎತ್ತುಗಳ ಮಗ್ಗುಲಲ್ಲೇ ಚಾಲು ಮಾಡಿದಳು. ಹಾಲಸಿದ್ದಪ್ಪನವರು ಮೂಗುದಾರ ಬಿಗಿಹಿಡಿದು ಕಾಲು ಊರಿ ನಿಂತರು. ಟುಕ್ ಟುಕ್ ಟುಕ್. ಎಡಗಡೆಯ ಎತ್ತು ಕಣ್ಣು ಮಿಟುಕಿಸಿತು. ಬಲಗಡೆಯದು ಮುಂದೆ ಬಂದು ಸೀಟನ್ನು ಮೂಸಿ, ಅದರ ಮೇಲಿದ್ದ ಹೂವಿನ ಹಾರವನ್ನು ಎಳೆದು ಆರಾಮಾಗಿ ತಿನ್ನತೊಡಗಿತು. ಓಣಿಯ ಮಂದಿ ಹೋ ಎಂದು ನಕ್ಕರು. ಹಾಲಸಿದ್ದಪ್ಪನವರು ನಗಲಿಲ್ಲ. ಮೋಟರ್ ಸೈಕಲ್ಲನ್ನೂ ನೋಡಲಿಲ್ಲ. ತಮ್ಮ ಎತ್ತನ್ನೇ ಬಹಳ ಹೊತ್ತು ನೋಡಿದರು.

“ಹೇರು ಏನು ಹೇರಿದ್ದಿ?” ಎಂದರು.

“ಅತ್ತಿನ್ನ.”

“ಅಕ್ಕಾರದೇನು ಭಾರ?” ಎಂದರು. ನಾನು ಮೂಳೆ ಚಕ್ಕಳವೇ ಸರಿ, ಆದರೂ ಹೀಗೆ ಓಣಿಯಲ್ಲಿ ಹೇಳುವುದೇ? ಅವರು ಹಗ್ಗವನ್ನು ತಂದು ನನ್ನ ಕೈಗೆ ಕೊಟ್ಟು, ಧೋತರ ಮೇಲೆ ಕಟ್ಟಿ, ಮಗಳ ಹಿಂದೆ ಹೋಗಿ ಕೂತರು. “ನಡಿ. ಕಾಲಿವಿ ಏರಿ ಮ್ಯಾಲ ಹೋಗು” ಎಂದರು. ಕಾಲುವೆ! ಅಷ್ಟು ವರ್ಷದ ಹಿಂದೆ ಮಗಳು ಬಿದ್ದದ್ದು ಅಂಥದೇ ಕಾಲುವೆಗೆ. ಗಂಗೋತ್ರಿ ಒಮ್ಮೆ ನನ್ನ ಕಡೆ ನೋಡಿ ಗೇರು ಹಾಕಿದಳು.

ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ಒಂದು ಕೈಯಲ್ಲಿ ಒಂದು ಎತ್ತು, ಇನ್ನೊಂದು ಕೈಯಲ್ಲಿ ಇನ್ನೊಂದು ಎತ್ತು, ನಡುವೆ ಕನ್ನಡ ಟೀಚರು. ಸಿದ್ದಲಿಂಗೇಶ, “ಅವ್ವಾ, ಒಂದು ಫೋಟೋ” ಎಂದ. “ಹಲ್ಲು ಉದುರಿಸ್ತೀನಿ” ಎಂದೆ. ಕಣ್ಣು ಮಾತ್ರ ಓಣಿಯ ತುದಿಯಲ್ಲೇ ಇತ್ತು. ಬಿದ್ದರೋ, ಜಗಳವಾಡಿದರೋ, ಅಪ್ಪ ನಡುದಾರಿಯಲ್ಲಿ ಇಳಿದು ದೇಶನೂರಿಗೆ ಹೊರಟೇಹೋದರೋ?

ಕೊನೆಗೆ ಟುಕ್ ಟುಕ್ ಕೇಳಿಸಿತು. ಬಂದರು! ಗಾಲಿಗೆಲ್ಲ ಕೆಸರು, ಬಿಳಿ ಧೋತರಕ್ಕೆಲ್ಲ ಕೆಸರು. ಮಗಳ ಹೆಗಲ ಮೇಲೆ ಅಪ್ಪನ ಕೈ ಇತ್ತು. ಹಾಲಸಿದ್ದಪ್ಪನವರು ಇಳಿದು, ಗಾಡಿಯ ಸುತ್ತ ಒಂದು ಸುತ್ತು ಬಂದರು. ಗಾಲಿ ಮುಟ್ಟಿ ನೋಡಿದರು. ಬಲಗಡೆಯ ಎತ್ತಿನ ಕೊರಳಿನಿಂದ ಗಂಟೆ ಬಿಚ್ಚಿ, ಹ್ಯಾಂಡಲಿಗೆ ಬಿಗಿಯಾಗಿ ಕಟ್ಟಿ, ಅಲ್ಲಾಡಿಸಿ ನೋಡಿದರು.

“ಸದ್ದು ಭಾಳ ಮೆತ್ತಗ ಐತಿ ಇದರದ್ದು. ನೀ ಬಂದಿದ್ದು ದನಕ್ಕರ ಗೊತ್ತಾಗಬೇಕಲ್ಲ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಅಕ್ಕಾರೆ, ಕೆಸರಾಗ ಜಾರಿತ್ರಿ. ಎರಡೂ ಕಾಲು ಊರಿ ನಿಂತ್ಲು. ನನ್ನೂ ಬೀಳಗೊಡ್ಲಿಲ್ಲ” ಎಂದರು. ಎತ್ತುಗಳ ಬೆನ್ನು ತಟ್ಟಿದರು. “ಎತ್ತು ನಿಮ್ಮ ಮನ್ಯಾಗ ಇರ್ಲಿ. ಕೊಟ್ಟಿದ್ದು ತಿರುಗಿ ಒಯ್ಯಂಗಿಲ್ಲ. ಇವಕ್ಕೊಂದು ಬಂಡಿ ತಗೋರಿ, ಮರದ್ದು. ಈ ಸಲ ಆರಿಸಾಕ ನಾನ ಬರ್ತೀನಿ, ಫೋನಿನಾಗ ಬ್ಯಾಡ.”

ಕಟ್ಟೆಯ ಮೇಲೆ ಕೂತು, ಟವೆಲಿನಿಂದ ಮುಖದ ಕೆಸರು ಒರೆಸಿಕೊಂಡರು. ಗಂಗೋತ್ರಿ ಗಾಡಿಯ ಪಕ್ಕದಲ್ಲೇ ನಿಂತಿದ್ದಳು.

“ಏನು ನಿಂತೀಯವ್ವ?” ಎಂದರು ಹಾಲಸಿದ್ದಪ್ಪನವರು. “ಬಾಯಿ ಒಣಗೇತಿ. ನೀರು ಕೊಡು.”

ಚೊಂಬು ಅವರ ಪಕ್ಕದಲ್ಲೇ ಇತ್ತು. ಗಂಗೋತ್ರಿ ಅದನ್ನು ನೋಡಲೇ ಇಲ್ಲ. ಒಳಗೆ ಓಡಿದವಳು ತುಂಬಿದ ಕೊಡವನ್ನೇ ಎತ್ತಿಕೊಂಡು ಬಂದಳು.